ಪಾದ ಬಿಟ್ಟು ಹೋದ ಭೀಮ-ದುರ್ಯೋಧನರು

ಗದಾಯುದ್ಧದ ಕಥೆಯನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರನ್ನನನ್ನು ಓದದೇ ಇದ್ದವರೂ ಯಕ್ಷಗಾನದಲ್ಲೋ ಬಯಲಾಟದಲ್ಲೋ ನೋಡಿರುತ್ತಾರೆ. ಸರೋವರದಲ್ಲಿ ಅಡಗಿ ಕೂತ ದುರ್ಯೋಧನ, ದಡದಲ್ಲಿ ನಿಂತು ಹೀಯಾಳಿಸುವ ಭೀಮ, ತೊಡೆಯ ಕಡೆಗೆ ಸನ್ನೆ ಮಾಡುವ ಕೃಷ್ಣ, ಕೊನೆಗೆ ಸಿಟ್ಟಿಗೆದ್ದು ಬರುವ ಬಲರಾಮ... ಎಲ್ಲ ನಮ್ಮ ಮನೆಯ ಕಥೆಯಷ್ಟೇ ಪರಿಚಿತ.

ಆದರೆ ರನ್ನ ತನ್ನ ಕಾವ್ಯ ಕಟ್ಟುವುದಕ್ಕೂ ಕೆಲವು ದಶಕ ಮುಂಚೆಯೇ ಇದೇ ದೃಶ್ಯವನ್ನು ಕಾಂಬೋಡಿಯಾದ ಕಾಡಿನೊಳಗಿನ ಒಂದು ರಾಜಧಾನಿಯಲ್ಲಿ ಆಳೆತ್ತರದ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದು ಗೋಪುರದೊಳಗೆ ಒಂಬತ್ತು ಮೂರ್ತಿಗಳು. ನಡುವೆ ಭೀಮ-ದುರ್ಯೋಧನರು, ಸುತ್ತ ನೋಡುತ್ತಿರುವವರು. ಸಾವಿರ ವರ್ಷ ಆ ಜಗಳ ಅಲ್ಲೇ ಇತ್ತು. 1970ರ ದಶಕದಲ್ಲಿ ಕಳ್ಳರು ಬಂದು ಮೂರ್ತಿಗಳನ್ನು ಕಾಲಿನ ಹರಡಿನ ಹತ್ತಿರ ಮುರಿದು ಒಯ್ದರು. ಪಾದಗಳು ಮಾತ್ರ ಪೀಠಗಳ ಮೇಲೆ ಉಳಿದವು.

ನಾನು ಬರೆಯಹೊರಟಿರುವುದು ಆ ಪಾದಗಳ ಕಥೆ. ಜೊತೆಗೆ ಆ ಊರಿನ ಕಥೆ. ಯಾಕೆಂದರೆ ಊರನ್ನು ಬಿಟ್ಟು ಆ ಮೂರ್ತಿಗಳನ್ನು ಅರ್ಥ ಮಾಡಿಕೊಳ್ಳುವುದು ಸಾಧ್ಯವೇ ಇಲ್ಲ.

ಊರಿನ ಈಗಿನ ಹೆಸರು ಕೋ ಕೇರ್. ಅಂಗ್ಕೋರ್ ವಾಟ್ ಹೆಸರು ಕೇಳದವರಿಲ್ಲ. ಆ ಅಂಗ್ಕೋರಿನಿಂದ ಈಶಾನ್ಯಕ್ಕೆ ಸುಮಾರು 85 ಕಿಲೋಮೀಟರ್ ದೂರ. ಸಿಯೆಮ್ ರೀಪ್ ಪಟ್ಟಣದಿಂದ ರಸ್ತೆಯಲ್ಲಿ ಹೋದರೆ 120 ಕಿಲೋಮೀಟರ್ ಆಗುತ್ತದೆ. ಶಾಸನಗಳಲ್ಲಿ ಇದಕ್ಕೆ ಎರಡು ಹೆಸರು. ಸಂಸ್ಕೃತದಲ್ಲಿ ಲಿಂಗಪುರ, ಹಳೆಯ ಖ್ಮೇರ್ ಭಾಷೆಯಲ್ಲಿ ಚೋಕ್ ಗರ್ಗ್ಯಾರ್. ಒಂದು ದೇವರ ಹೆಸರು, ಇನ್ನೊಂದು ಮರದ ತೋಪಿನ ಹೆಸರು. ನಮ್ಮ ಕಡೆಯ ಊರುಗಳಿಗೂ ಹೀಗೆ ಅಗ್ರಹಾರದ ಹೆಸರು ಬೇರೆ, ಜನ ಕರೆಯುವ ಹೆಸರು ಬೇರೆ ಇರುತ್ತದಲ್ಲ, ಹಾಗೆ.

ಇದನ್ನು ರಾಜಧಾನಿ ಮಾಡಿದವನು ನಾಲ್ಕನೇ ಜಯವರ್ಮ. (ಈ 'ವರ್ಮ' ನೋಡಿದ ತಕ್ಷಣ ನನಗೆ ಕದಂಬರ ಮಯೂರವರ್ಮ, ಮೃಗೇಶವರ್ಮ ನೆನಪಾಗುತ್ತಾರೆ. ನಿಮಗೂ ಆಗಿರಬಹುದು :-) ) ಅಂಗ್ಕೋರನ್ನು ಕಟ್ಟಿ ಬೆಳೆಸಿದ ಯಶೋವರ್ಮನ ತಂಗಿಯನ್ನು ಮದುವೆಯಾದವನು ಇವನು. ಯಶೋವರ್ಮನ ನಂತರ ಅವನ ಇಬ್ಬರು ಮಕ್ಕಳು, ಹರ್ಷವರ್ಮ ಮತ್ತು ಈಶಾನವರ್ಮ, ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದರು. ಅವರು ಅಂಗ್ಕೋರಿನಲ್ಲಿ ಇದ್ದಾಗಲೇ, 921ರಲ್ಲಿ, ಈ ಮಾವ ಕೋ ಕೇರ್‌ನಲ್ಲಿ ತನ್ನದೇ ಕೇಂದ್ರ ಕಟ್ಟಲು ಶುರು ಮಾಡಿದ್ದ. 928ರ ಹೊತ್ತಿಗೆ ಇಡೀ ರಾಜ್ಯಕ್ಕೆ ಅವನೊಬ್ಬನೇ ಅರಸ. ಅಲ್ಲಿನ ಶಾಸನಗಳೂ ನಮ್ಮ ಶಾಸನಗಳ ಹಾಗೆ ಶಕವರ್ಷದಲ್ಲೇ ಕಾಲ ಹೇಳುತ್ತವೆ. ಅವರ ಲೆಕ್ಕದಲ್ಲಿ ಅದು ಶಕ 850.

ಒಂದೇ ಮನೆತನದೊಳಗೆ ಎರಡು ಗದ್ದುಗೆ. ದಾಯಾದಿಗಳ ನಡುವಿನ ಜಗಳದ ಕಥೆಯನ್ನು ಇಂಥ ರಾಜಧಾನಿಯಲ್ಲಿ ಕಲ್ಲಿಗೆ ತಂದದ್ದು ಬರೀ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ರನ್ನನೂ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿಯೇ ತಾನೇ ಗದಾಯುದ್ಧ ಬರೆದದ್ದು?

ಇನ್ನು ಆ ಊರಿನ ಸ್ವರೂಪ. ಕೋ ಕೇರ್ ಅಂದರೆ ಒಂದು ಗುಡಿ ಅಲ್ಲ. ಈಗ ರಕ್ಷಿತ ಪ್ರದೇಶ ಅಂತ ಗುರುತಿಸಿರುವ ಜಾಗವೇ ಸುಮಾರು 80 ಚದರ ಕಿಲೋಮೀಟರ್. ಅದರಲ್ಲಿ ಚಿಕ್ಕವು ದೊಡ್ಡವು ಸೇರಿ ನೂರಕ್ಕೂ ಹೆಚ್ಚು ಗುಡಿಗಳ ಅವಶೇಷ ಕಾಡಿನಲ್ಲಿ ಚದುರಿಕೊಂಡಿವೆ. ಖ್ಮೇರ್ ಭಾಷೆಯಲ್ಲಿ ಗುಡಿಗೆ 'ಪ್ರಾಸಾತ್' ಅನ್ನುತ್ತಾರೆ. ನಮ್ಮ 'ಪ್ರಾಸಾದ'ವೇ ಅದು. ಪ್ರಾಸಾತ್ ಥೋಮ್ ಅಂದರೆ ದೊಡ್ಡ ಗುಡಿ, ಪ್ರಾಸಾತ್ ಕ್ರಹಾಮ್ ಅಂದರೆ ಕೆಂಪು ಗುಡಿ, ಪ್ರಾಸಾತ್ ಪ್ರಾಮ್ ಅಂದರೆ ಐದು ಗುಡಿ. ಇವೆಲ್ಲ ನಂತರದ ಹಳ್ಳಿಗರು ಕಣ್ಣಿಗೆ ಕಂಡಂತೆ ಇಟ್ಟ ಹೆಸರುಗಳು. ಐದು ಗುಡಿಯ ಇಟ್ಟಿಗೆ ಗೋಪುರಗಳನ್ನು ಮರದ ಬೇರುಗಳು ಹಿಡಿದುಕೊಂಡಿರುವ ಚಿತ್ರಗಳನ್ನು ನೀವು ಎಲ್ಲಾದರೂ ನೋಡಿರಬಹುದು.

ಊರಿನ ಮುಖ್ಯ ದೇವಾಲಯ ಪ್ರಾಸಾತ್ ಥೋಮ್. ಅದರ ಹಿಂದೆ ಪ್ರಾಂಗ್ ಅಂತ ಕರೆಯುವ ಏಳು ಅಂತಸ್ತಿನ ಮೆಟ್ಟಿಲು ಪಿರಮಿಡ್ಡು. ಎತ್ತರ ಸುಮಾರು 36 ಮೀಟರ್. ಬುಡ ಒಂದೊಂದು ಪಕ್ಕಕ್ಕೆ 60 ಮೀಟರಿಗೂ ಹೆಚ್ಚು. ಇದರ ತುದಿಯಲ್ಲಿ ಒಂದು ದೊಡ್ಡ ಲಿಂಗ ಇತ್ತು. ಶಾಸನಗಳು ಅದನ್ನು ತ್ರಿಭುವನೇಶ್ವರ ಅನ್ನುತ್ತವೆ. ಖ್ಮೇರ್ ಭಾಷೆಯಲ್ಲಿ ಆ ದೇವರಿಗೆ 'ರಾಜ್ಯವೇ ಆದ ಜಗದೊಡೆಯ' ಅನ್ನುವ ಅರ್ಥದ ಹೆಸರಿದೆ. ರಾಜ್ಯಕ್ಕೂ ದೇವರಿಗೂ ನಡುವೆ ಗೆರೆಯೇ ಇಲ್ಲ! ಆ ಲಿಂಗ ಈಗಿಲ್ಲ. ತುದಿಗೆ ಹತ್ತಿದರೆ ಕಾಣುವುದು ಒಂದು ಹೊಂಡ, ಲಿಂಗಪೀಠವನ್ನು ಹೊತ್ತಿದ್ದ ಕಲ್ಲುಗಳು, ಸುತ್ತ ದಿಗಂತದವರೆಗೂ ಕಾಡು.

ಇಷ್ಟೆಲ್ಲ ಕಲ್ಲನ್ನು ಎತ್ತಿದವರು ಯಾರು? ಪ್ರಾಸಾತ್ ಥೋಮ್‌ನ ಶಾಸನಗಳಲ್ಲಿ ಬೇರೆ ಬೇರೆ ಪ್ರಾಂತ್ಯಗಳಿಂದ ಬಂದ ಆಳುಗಳ ಹೆಸರುಗಳ ಉದ್ದುದ್ದ ಪಟ್ಟಿಗಳಿವೆ. ಅರಸನ ಹೊಗಳಿಕೆ ಸಂಸ್ಕೃತ ಶ್ಲೋಕದಲ್ಲಿ, ಆಳುಗಳ ಪಟ್ಟಿ ಖ್ಮೇರ್ ಗದ್ಯದಲ್ಲಿ. ನಮ್ಮ ಶಾಸನಗಳಲ್ಲೂ ಹೊಗಳಿಕೆ ಸಂಸ್ಕೃತದಲ್ಲಿ ಇದ್ದು ಗದ್ದೆ, ಗಡಿ, ತೆರಿಗೆ ಎಲ್ಲ ಕನ್ನಡಕ್ಕೆ ಇಳಿಯುವುದುಂಟು. ಲೆಕ್ಕಾಚಾರಕ್ಕೆ ಎಲ್ಲ ಕಡೆಯೂ ಜನರ ಮಾತೇ ಬೇಕು ನೋಡಿ.

ಇಷ್ಟು ಜನಕ್ಕೆ ನೀರು ಬೇಡವೆ? ಊರ ನಡುವೆ ರಹಾಲ್ ಅನ್ನುವ ಕೆರೆ ಇದೆ. ಉದ್ದ ಸುಮಾರು 1200 ಮೀಟರ್, ಅಗಲ 560 ಮೀಟರ್. ಕೆಲವು ಕಡೆ ಬಂಡೆಯನ್ನೇ ಕೊರೆದು ಮಾಡಿದ್ದು. ಬಹಳಷ್ಟು ಗುಡಿಗಳು ಈ ಕೆರೆಯ ಸುತ್ತಲೇ ಇವೆ. ಆದರೆ ಅದಕ್ಕಿಂತ ಕುತೂಹಲದ ಕೆಲಸ ಊರಿನ ಉತ್ತರಕ್ಕಿದೆ. ಅಲ್ಲಿ ಹೊಳೆಗೆ ಅಡ್ಡವಾಗಿ ಸುಮಾರು 7 ಕಿಲೋಮೀಟರ್ ಉದ್ದದ ಏರಿ ಹಾಕಿದ್ದರು. ಹೆಚ್ಚಾದ ನೀರು ಹೊರಗೆ ಹೋಗಲು ಕಲ್ಲಿನ ಕೋಡಿಯನ್ನೂ ಕಟ್ಟಿದ್ದರು. ಪುರಾತತ್ವ ವಿಜ್ಞಾನಿಗಳು ನೆಲದೊಳಗೆ ರಾಡಾರ್ ಅಲೆ ಬಿಟ್ಟು ಆ ಕೋಡಿಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಏನು ಹೇಳುತ್ತದೆ ಗೊತ್ತೆ? ಆ ಹೊಳೆಯ ಸಾಮಾನ್ಯ ಮಳೆಗಾಲದ ನೀರಿಗೂ ಆ ಕೋಡಿ ಸಾಲುವಂತಿರಲಿಲ್ಲ. ಬಹುಶಃ ಕಟ್ಟಿದ ಮೊದಲ ಮಳೆಗಾಲದಲ್ಲೇ ಏರಿ ಒಡೆದಿರಬೇಕು. ಮತ್ತೆ ಅದನ್ನು ಯಾರೂ ಕಟ್ಟಲಿಲ್ಲ.

ಕೆರೆ ಕಟ್ಟುವ ನಾಡಿನವರಾದ ನಮಗೆ ಕೋಡಿಯ ಬೆಲೆ ಗೊತ್ತು. ಏರಿ ಎಷ್ಟು ಗಟ್ಟಿಯಾದರೂ ಕೋಡಿ ಚಿಕ್ಕದಾದರೆ ಕೆರೆ ಉಳಿಯುವುದಿಲ್ಲ. ಎಲ್ಲವನ್ನೂ ದೊಡ್ಡದಾಗಿ, ಬೇಗ ಕಟ್ಟಬೇಕೆಂದು ಹೊರಟ ರಾಜನಿಗೆ ನೀರು ಹೋಗುವ ದಾರಿ ಮಾತ್ರ ಕಿರಿದಾಯಿತು.

ಜಯವರ್ಮ 941ರ ಹೊತ್ತಿಗೆ ತೀರಿಕೊಂಡ. ಅವನ ಮಗ ಎರಡನೇ ಹರ್ಷವರ್ಮ ಮೂರು ವರ್ಷದಷ್ಟೂ ಗಟ್ಟಿಯಾಗಿ ಆಳಲಿಲ್ಲ. 944ರಲ್ಲಿ ಪಟ್ಟಕ್ಕೆ ಬಂದ ರಾಜೇಂದ್ರವರ್ಮ ರಾಜಧಾನಿಯನ್ನು ಮತ್ತೆ ಅಂಗ್ಕೋರಿಗೆ ಒಯ್ದ. ಏರಿ ಒಡೆದದ್ದೂ ಇದಕ್ಕೆ ಒಂದು ಕಾರಣ ಇರಬಹುದು ಅನ್ನುವುದು ಆ ವಿಜ್ಞಾನಿಗಳ ಊಹೆ. ಹೇಗೇ ಇರಲಿ, ಕೋ ಕೇರ್‌ನ ವೈಭವ ಎಲ್ಲ ಸೇರಿ ಇಪ್ಪತ್ತಮೂರು ವರ್ಷ, ಅಷ್ಟೆ.

ಅಂದ ಹಾಗೆ 941 ಅಂದರೆ ಪಂಪ ಭಾರತದ ವರ್ಷ. ಅರಿಕೇಸರಿಯ ಆಸ್ಥಾನದಲ್ಲಿ ಪಂಪ ಭಾರತವನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಹೊತ್ತಿಗೆ, ಸಮುದ್ರದಾಚೆ ಇನ್ನೊಂದು ಆಸ್ಥಾನದ ಶಿಲ್ಪಿಗಳು ಅದೇ ಭಾರತವನ್ನು ಮರಳುಗಲ್ಲಿನಲ್ಲಿ ಹೇಳಿ ಮುಗಿಸಿದ್ದರು. ಇವರಿಗೆ ಅವರು ಗೊತ್ತಿರಲಿಲ್ಲ, ಅವರಿಗೆ ಇವರು ಗೊತ್ತಿರಲಿಲ್ಲ. ಇಬ್ಬರಿಗೂ ವ್ಯಾಸ ಗೊತ್ತಿದ್ದ. ಖ್ಮೇರರಿಗೆ ಭಾರತ ಆಗ ಹೊಸದೇನೂ ಆಗಿರಲಿಲ್ಲ. ಅದಕ್ಕೂ ಮುನ್ನೂರು ವರ್ಷ ಹಿಂದಿನ ವೀಲ್ ಕಾಂತೆಲ್ ಅನ್ನುವ ಶಾಸನದಲ್ಲಿ ಗುಡಿಯೊಂದಕ್ಕೆ ರಾಮಾಯಣ, ಭಾರತ, ಪುರಾಣದ ಪ್ರತಿಗಳನ್ನು ದಾನ ಕೊಟ್ಟು ದಿನವೂ ಓದಿಸುವ ವ್ಯವಸ್ಥೆ ಮಾಡಿದ ವಿಷಯ ಬರುತ್ತದೆ.

ಈಗ ಪ್ರಾಸಾತ್ ಚೆನ್ ಗುಡಿಗೆ ಬರೋಣ. ಇದು ವಿಷ್ಣುವಿನ ಗುಡಿ. ಪೂರ್ವದ ಗೋಪುರದಲ್ಲಿ ರಾಮಾಯಣ. ವಾಲಿ-ಸುಗ್ರೀವರು ಕುಸ್ತಿ ಹಿಡಿದಿರುವ ದೃಶ್ಯ ಅಲ್ಲಿತ್ತು. ಪಶ್ಚಿಮದ ಗೋಪುರದಲ್ಲಿ ಭಾರತ, ಅಂದರೆ ನಮ್ಮ ಗದಾಯುದ್ಧ. ಎರಡೂ ಕಡೆ ಇಬ್ಬರ ಕಾಳಗ. ಎರಡೂ ಕಡೆ ಗೆದ್ದದ್ದು ನ್ಯಾಯವಾಗಿಯೇ ಅಂತ ಗಟ್ಟಿಯಾಗಿ ಹೇಳಲಾಗದ ಕಾಳಗ. ಒಬ್ಬನನ್ನು ಮರೆಯಿಂದ ಬಾಣ ಬಿಟ್ಟು ಕೊಂದರು, ಇನ್ನೊಬ್ಬನ ತೊಡೆಗೆ ನಿಯಮ ಮೀರಿ ಹೊಡೆದರು. ಎರಡನ್ನೂ ಎದುರುಬದುರು ಬಾಗಿಲಲ್ಲಿ ಇಟ್ಟವನ ತಲೆಯಲ್ಲಿ ಏನಿತ್ತೋ!

ನಮ್ಮ ಹೊಯ್ಸಳರ ಗುಡಿಗಳಲ್ಲಿ ಭಾರತದ ಕಥೆ ಗೋಡೆಯ ಮೇಲೆ ಪಟ್ಟಿಯಾಗಿ ಸಾಗುತ್ತದೆ. ಮೂರ್ತಿಯ ಬೆನ್ನು ಗೋಡೆಗೆ ಅಂಟಿರುತ್ತದೆ. ಕೋ ಕೇರ್‌ನವರು ಗೋಡೆಯನ್ನೇ ಬಿಟ್ಟುಬಿಟ್ಟರು. ಐದಡಿ ಎತ್ತರದ ಮೂರ್ತಿಗಳನ್ನು ಸುತ್ತಲೂ ಕಡೆದು ನೆಲದ ಮೇಲೆ ನಾಟಕದ ಪಾತ್ರಗಳಂತೆ ನಿಲ್ಲಿಸಿದರು. ದುರ್ಯೋಧನ ಮಂಡಿ ಬಗ್ಗಿಸಿ ಇನ್ನೇನು ಮೇಲಕ್ಕೆ ನೆಗೆಯುವ ಭಂಗಿಯಲ್ಲಿದ್ದಾನೆ. ಆ ನೆಗೆತದಲ್ಲೇ ಭೀಮನ ಗದೆ ತೊಡೆಗೆ ಬೀಳುವುದು. ಏಟು ಬೀಳುವುದಕ್ಕೆ ಮುಂಚಿನ ಆ ಒಂದು ಕ್ಷಣವನ್ನು ಶಿಲ್ಪಿ ಹಿಡಿದಿದ್ದಾನೆ. ಇಡೀ ಮೈಭಾರವನ್ನು ಹೊತ್ತದ್ದು ಎರಡು ಕಾಲು ಮಾತ್ರ.

ಶಿಲ್ಪಿಯ ಆ ಧೈರ್ಯವೇ ಮುಂದೆ ಕಳ್ಳರಿಗೆ ಅನುಕೂಲವಾಯಿತು. ಗೋಡೆಗೆ ಅಂಟಿದ ಮೂರ್ತಿಯನ್ನು ಕೀಳುವುದು ಕಷ್ಟ. ಎರಡು ಕಾಲ ಮೇಲೆ ನಿಂತದ್ದನ್ನು ಹರಡಿನ ಹತ್ತಿರ ಮುರಿದರೆ ಸಾಕು. ದುರ್ಯೋಧನನಿಗೆ ಮೊದಲು ಊರುಭಂಗ, ಸಾವಿರ ವರ್ಷದ ಮೇಲೆ ಪಾದಭಂಗ.

1970ರಲ್ಲಿ ಕಾಂಬೋಡಿಯಾದಲ್ಲಿ ಅಂತರ್ಯುದ್ಧ ಶುರುವಾಯಿತು. ಕಾವಲುಗಾರರಿಲ್ಲದ ಕಾಡು, ಕೈಯಲ್ಲಿ ಬಂದೂಕು ಹಿಡಿದ ಗುಂಪುಗಳು, ಪಕ್ಕದಲ್ಲೇ ಥಾಯ್ಲೆಂಡಿನ ಗಡಿ. ಕಾಡಿನಿಂದ ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ ಗಡಿಗೆ, ಗಡಿಯಿಂದ ಬ್ಯಾಂಕಾಕಿಗೆ, ಬ್ಯಾಂಕಾಕಿನಿಂದ ಲಂಡನ್ನಿಗೆ, ನ್ಯೂಯಾರ್ಕಿಗೆ. ಗದಾಯುದ್ಧದ ಮೂರ್ತಿಗಳು 1972ರ ಸುಮಾರಿಗೆ ಈ ದಾರಿಯಲ್ಲಿ ಹೋದವು. ದುರ್ಯೋಧನ 1975ರಲ್ಲಿ ಲಂಡನ್ನಿನಲ್ಲಿ ಮಾರಾಟವಾದ. ಅದೇ ವರ್ಷ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಸೇನೆ ಫ್ನೋಮ್ ಪೆನ್ ನಗರವನ್ನು ಹಿಡಿಯಿತು. ಮುಂದಿನ ನಾಲ್ಕು ವರ್ಷದೊಳಗೆ ಆ ದೇಶದ ಲಕ್ಷಾಂತರ ಜನ ಸತ್ತರು. ಕಲ್ಲಿನ ಬಗ್ಗೆ ಕೇಳುವುದಕ್ಕೆ ಯಾರಿಗೆ ಉಸಿರಿತ್ತು?

ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ಮ್ಯೂಸಿಯಂ ಸೇರಿದ. ಅಲ್ಲಿ ಅವನನ್ನು ಏನಂತ ಕರೆಯುತ್ತಿದ್ದರು ಗೊತ್ತೆ? 'ದೇವಾಲಯದ ಕುಸ್ತಿಪಟು'! ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಬೇಸರ ತಂದದ್ದು ಇದು. ಮೂರ್ತಿಯನ್ನು ಕದ್ದದ್ದಲ್ಲದೆ ಹೆಸರನ್ನೂ ಕದ್ದಂತಾಯಿತು. ಆದರೆ ಹೆಸರು ತಿಳಿಯುವುದಾದರೂ ಹೇಗೆ? ಕೈಯಲ್ಲಿ ಗದೆ ಉಳಿದಿಲ್ಲ, ಎದುರಿಗೆ ದುರ್ಯೋಧನ ಇಲ್ಲ, ಬಲರಾಮ ಇಲ್ಲ, ಗುಡಿ ಇಲ್ಲ. ಜೊತೆಯವರನ್ನೆಲ್ಲ ತೆಗೆದುಬಿಟ್ಟರೆ ಭೀಮ ಬರೀ ಒಬ್ಬ ಪೈಲ್ವಾನ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಸೇರಿದ ಇಬ್ಬರು ಪಾಂಡವರೂ ಹೀಗೆಯೇ 'ಮಂಡಿಯೂರಿದ ಪರಿಚಾರಕರು' ಆಗಿಬಿಟ್ಟಿದ್ದರು. ಏಷ್ಯಾ ವಿಭಾಗದ ಬಾಗಿಲ ಎರಡೂ ಬದಿಗೆ ಅವರನ್ನು ಕೂರಿಸಿದ್ದರು. ವಿರಾಟನ ಮನೆಯಲ್ಲಾದರೂ ಅಜ್ಞಾತವಾಸ ಒಂದೇ ವರ್ಷ!

ಅಷ್ಟೂ ಕಾಲ ಕೋ ಕೇರ್‌ನ ಮಣ್ಣಲ್ಲಿ ಪಾದಗಳು ಇದ್ದೇ ಇದ್ದವು. ಖ್ಮೇರ್ ರೂಜ್ ಹೋದ ಮೇಲೂ ಆ ಕಡೆ ಶಾಂತಿ ಬರಲು 1990ರ ದಶಕದ ಕೊನೆ ಆಯಿತು. ಸುತ್ತಮುತ್ತೆಲ್ಲ ನೆಲಬಾಂಬುಗಳನ್ನು ಹುಗಿದಿದ್ದರು. ಅವನ್ನು ಒಂದೊಂದಾಗಿ ತೆಗೆದ ಮೇಲೆಯೇ ವಿದ್ವಾಂಸರು ಗುಡಿಗಳೊಳಗೆ ನೆಮ್ಮದಿಯಾಗಿ ಓಡಾಡುವಂತಾದದ್ದು. ಫ್ರೆಂಚ್ ಸಂಶೋಧಕ ಎರಿಕ್ ಬೂರ್ದೊನೋ ಪ್ರಾಸಾತ್ ಚೆನ್‌ನ ಖಾಲಿ ಪೀಠಗಳನ್ನು, ಪಾದಗಳನ್ನು, ಅವು ಯಾವ ದಿಕ್ಕಿಗೆ ತಿರುಗಿವೆ ಅನ್ನುವುದನ್ನು ನೋಡಿ ಇಡೀ ದೃಶ್ಯವನ್ನು ಮತ್ತೆ ಜೋಡಿಸಿದರು. ಈ ಪಾದ ಆ ಮ್ಯೂಸಿಯಂನದ್ದು, ಆ ಪಾದ ಈ ಸಂಗ್ರಹದ್ದು, ಇದು ಗದಾಯುದ್ಧ... ಹೀಗೆ ಒಂದೊಂದೇ ಹೆಸರು ಹೊರಗೆ ಬಂತು.

2011ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸಾಥಬೀಸ್ ಹರಾಜು ಸಂಸ್ಥೆ ದುರ್ಯೋಧನನನ್ನು ಹರಾಜಿಗೆ ಇಟ್ಟಿತು. ಅಂದಾಜು ಬೆಲೆ ಇಪ್ಪತ್ತರಿಂದ ಮೂವತ್ತು ಲಕ್ಷ ಡಾಲರ್. ಮಾರಾಟದ ದಿನವೇ ಕಾಂಬೋಡಿಯಾದ ಆಕ್ಷೇಪಣೆ ಬಂದು ಹರಾಜು ನಿಂತಿತು. 2012ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರವೇ ಕೋರ್ಟಿಗೆ ಹೋಯಿತು. ಸಂಸ್ಥೆಯ ವಾದ, ಸಾವಿರ ವರ್ಷದಲ್ಲಿ ಈ ಮೂರ್ತಿ ಯಾವಾಗ ಊರು ಬಿಟ್ಟಿತೆಂದು ಯಾರು ಹೇಳಬಲ್ಲರು ಅಂತ. ಇನ್ನೊಂದು ಕಡೆಯ ಉತ್ತರ, ಫ್ರೆಂಚರ ಆಡಳಿತದ ಕಾಲದ ಕಾನೂನಿನಿಂದಲೇ ಈ ಸ್ಮಾರಕಗಳು ಸರ್ಕಾರದ ಸ್ವತ್ತು ಅಂತ. ಕೊನೆಗೆ 2013ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳದೆ, ಮೂರ್ತಿಯನ್ನು ಹಿಂದಿರುಗಿಸಲು ಸಂಸ್ಥೆ ಒಪ್ಪಿತು.

ಅಷ್ಟು ಹೊತ್ತಿಗೆ ಮೆಟ್ರೋಪಾಲಿಟನ್ ಮ್ಯೂಸಿಯಂ 2013ರ ಜೂನ್‌ನಲ್ಲೇ ಇಬ್ಬರು ಪಾಂಡವರನ್ನು ಕಳಿಸಿಕೊಟ್ಟಿತ್ತು. 2014ರ ಜೂನ್‌ನಲ್ಲಿ ದುರ್ಯೋಧನ, ಭೀಮ, ಬಲರಾಮ ಮೂವರೂ ಒಟ್ಟಿಗೆ ಫ್ನೋಮ್ ಪೆನ್‌ನಲ್ಲಿ ಸ್ವಾಗತ ಪಡೆದರು. 2015ರಲ್ಲಿ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಿಂದ ಹನುಮಂತ, 2016ರಲ್ಲಿ ಡೆನ್ವರ್‌ನಿಂದ ರಾಮನ ಮುಂಡ. ಇವೆಲ್ಲ ಒಂದೇ ಪ್ರಾಸಾತ್ ಚೆನ್ ಗುಡಿಯವು! ಈಗ ಭೀಮ-ದುರ್ಯೋಧನರು ಫ್ನೋಮ್ ಪೆನ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ತಮ್ಮ ತಮ್ಮ ಪಾದಗಳ ಮೇಲೆಯೇ ಮತ್ತೆ ಎದುರುಬದುರು ನಿಂತಿದ್ದಾರೆ.

ಈ ಕಳ್ಳಸಾಗಣೆಯ ದೊಡ್ಡ ಕೊಂಡಿ ಅಂತ ಅಮೆರಿಕದ ಸರ್ಕಾರಿ ವಕೀಲರು 2019ರಲ್ಲಿ ಆರೋಪ ಹೊರಿಸಿದ್ದು ಡಗ್ಲಸ್ ಲ್ಯಾಚ್‌ಫೋರ್ಡ್ ಅನ್ನುವ, ಬ್ಯಾಂಕಾಕಿನಲ್ಲಿ ನೆಲೆಸಿದ್ದ ಬ್ರಿಟಿಷ್ ವ್ಯಾಪಾರಿಯ ಮೇಲೆ. ಖ್ಮೇರ್ ಕಲೆಯ ಬಗ್ಗೆ ದಪ್ಪ ದಪ್ಪ ಪುಸ್ತಕ ತಂದಿದ್ದವನು, ಕಾಂಬೋಡಿಯಾದಿಂದ ಗೌರವವನ್ನೂ ಪಡೆದಿದ್ದವನು. (ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ.) ವಿಚಾರಣೆ ನಡೆಯುವ ಮುಂಚೆಯೇ 2020ರಲ್ಲಿ ತೀರಿಕೊಂಡ. ಅವನ ಸಂಗ್ರಹವನ್ನು ಹಿಂದಿರುಗಿಸಲು ಮಗಳು ಒಪ್ಪಿಕೊಂಡಳು. 2022ರಲ್ಲಿ ಅಮೆರಿಕ ಹಿಂದಿರುಗಿಸಿದ 30 ವಸ್ತುಗಳಲ್ಲಿ ಕೋ ಕೇರ್‌ನ ನವಿಲನ್ನೇರಿದ ಸ್ಕಂದನೂ ಒಂದು ಭಾರಿ ಗಣೇಶನೂ ಇದ್ದರು. 2023ರ ಡಿಸೆಂಬರ್‌ನಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಂ ಇನ್ನೂ 14 ಮೂರ್ತಿಗಳನ್ನು ಕಾಂಬೋಡಿಯಾಕ್ಕೆ ಕೊಡಲು ಒಪ್ಪಿತು.

ಇದರಲ್ಲಿ ಇನ್ನೊಬ್ಬ ಮನುಷ್ಯನ ಪಾಲೂ ಇದೆ. ಗುಟ್ಟಿನ ಹೆಸರು 'ಸಿಂಹ'. ಒಂದು ಕಾಲದಲ್ಲಿ ಗುಂಪು ಕಟ್ಟಿಕೊಂಡು ಗುಡಿ ದೋಚುತ್ತಿದ್ದವನು. ಮುದುಕನಾದ ಮೇಲೆ ತನಿಖೆ ಮಾಡುವವರನ್ನು ಕರೆದುಕೊಂಡು ಹೋಗಿ, ಇಲ್ಲಿಂದ ಇದನ್ನು ತೆಗೆದೆವು, ಅಲ್ಲಿಂದ ಅದನ್ನು ತೆಗೆದೆವು ಅಂತ ಜಾಗ ತೋರಿಸಿಕೊಟ್ಟ. ಎಲ್ಲ ವಾಪಸು ಬರುವುದನ್ನು ನೋಡಲು ಅವನು ಉಳಿಯಲಿಲ್ಲ, 2021ರಲ್ಲಿ ಸತ್ತ. ಅವನ ನೆನಪೇ ದೊಡ್ಡ ಪುರಾವೆಯಾಯಿತು. ಯಾಕೆಂದರೆ ದುಡ್ಡು ಕೊಟ್ಟು ಕೊಂಡವರ ಹತ್ತಿರ ಇದ್ದದ್ದು ರಸೀದಿ, ಅವನ ಹತ್ತಿರ ಇದ್ದದ್ದು ಜಾಗ.

2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಕೋ ಕೇರ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ಲಿಂಗಪುರ, ಚೋಕ್ ಗರ್ಗ್ಯಾರ್ ಅನ್ನುವ ಎರಡು ಹಳೆಯ ಹೆಸರುಗಳೂ ಇವೆ. ಮೂರ್ತಿಗಳ ಹಾಗೆ ಊರಿಗೂ ತನ್ನ ಹೆಸರು ಸಿಕ್ಕಿತು ಅನ್ನಬಹುದು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದೇ ಮಾತು. ಕಲ್ಲಿಗೆ ಅರ್ಥ ಬರುವುದು ಅದು ನಿಂತ ಜಾಗದಿಂದ. ಅಮೆರಿಕದ ಮ್ಯೂಸಿಯಂಗಳು ಭೀಮನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದವು. ಧೂಳಿಲ್ಲ, ಮಳೆಯಿಲ್ಲ, ಒಳ್ಳೆಯ ದೀಪ. ಇಷ್ಟೆಲ್ಲ ಇದ್ದೂ ಅವನು ಭೀಮ ಅಂತ ಹೇಳಿದ್ದು ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದ ಒಂದು ಜೊತೆ ಪಾದ. ಕಳ್ಳರು ಬೆಲೆಯಿಲ್ಲ ಅಂತ ಬಿಟ್ಟುಹೋದದ್ದು ಅದು!

ನಮ್ಮ ಊರುಗಳ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಎಷ್ಟೊಂದು ವೀರಗಲ್ಲುಗಳಿವೆ. ರಸ್ತೆ ಅಗಲ ಮಾಡುವಾಗ ಅದನ್ನು ಎತ್ತಿ ಎಲ್ಲೋ ಒಂದು ಕಡೆ ಒರಗಿಸಿಬಿಡುತ್ತಾರೆ. ಕಲ್ಲು ಉಳಿಯಿತಲ್ಲ ಅಂತ ನಮಗೂ ಸಮಾಧಾನ. ಆದರೆ ಆ ವೀರ ಯಾವ ತುರು ಕಾಯಲು, ಯಾವ ಗಡಿಯಲ್ಲಿ ಬಿದ್ದ ಅನ್ನುವುದು ಆ ಜಾಗದ ಜೊತೆಗೇ ಹೋಯಿತು. ನಿಮ್ಮ ಊರಿನ ಕಲ್ಲು ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಒಂದು ಫೋಟೋ ತೆಗೆದು ಒಂದೆರಡು ಸಾಲು ಬರೆದಿಡಿ. ಮುಂದೆ ಯಾವತ್ತೋ ಆ ಎರಡು ಸಾಲೇ ಪಾದದ ಕೆಲಸ ಮಾಡಬಹುದು.